ನನ್ನ ಹೊಟ್ಟೆಕಿಚ್ಚನ್ನು ದೇಶಭಕ್ತಿ ಎಂದು ಬರೆದುಕೊಳ್ಳಬೇಡಿ

ನಮ್ಮೂರ ಶಾಲೆಗಳ ಅಧೀಕ್ಷಕರೆಂಬ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಬರುವ ಮಂಗಳವಾರ ಕೋರ್ಡೆಲ್ ಪ್ರುಯಿಟ್ ಎಂಬ ಹುಡುಗನನ್ನು ಹೈಸ್ಕೂಲಿನ ಫುಟ್‌ಬಾಲ್ ತಂಡದಿಂದ ತೆಗೆದುಹಾಕಬೇಕೇ ಬೇಡವೇ ಎಂದು ನಿಮ್ಮ ಮಂಡಳಿ ವಿಚಾರಣೆ ನಡೆಸಲಿದೆ. ಅವನ ಅಪರಾಧವೆಂದರೆ, ಆಟ ಶುರುವಾಗುವ ಮುಂಚಿನ ರಾಷ್ಟ್ರಗೀತೆಯ ಹೊತ್ತಿನಲ್ಲಿ ಎಲ್ಲರಂತೆ ನಿಲ್ಲದೆ ಒಂದು ಮಂಡಿಯೂರಿ ಕುಳಿತದ್ದು. ಅಂದು ಮೈದಾನದಲ್ಲಿ ಆ ಗೀತೆಯನ್ನು ಹಾಡಿದವಳು ನಾನು. ಆದ್ದರಿಂದ ನನ್ನನ್ನು ‘ಅವಮಾನಿತ ಗಾಯಕಿ’ ಎಂದು ಮಂಡಳಿಯ ಮುಂದೆ ನಿಲ್ಲಿಸಿ ನಾಲ್ಕು ಮಾತು ಆಡಿಸಬೇಕೆಂಬುದು ನಿಮ್ಮ ಆಸೆ. ಯೋಚಿಸಿ ಹೇಳುತ್ತೇನೆ ಎಂದು ನಿಮ್ಮ ಕೋಣೆಯಿಂದ ಎದ್ದು ಬಂದಿದ್ದೆ. ಯೋಚಿಸಿದ್ದೇನೆ. ಉತ್ತರವನ್ನು ನಮ್ಮೂರ ವಾರಪತ್ರಿಕೆಯಲ್ಲೇ ಕೊಡುತ್ತಿದ್ದೇನೆ, ಎಲ್ಲರೂ ಓದಲಿ. ನನಗೆ ಅವಮಾನವಾಗಿಲ್ಲ ಸ್ವಾಮಿ. ನನಗೆ ಆದದ್ದು ಹೊಟ್ಟೆಕಿಚ್ಚು.

ಹೌದು, ಹೊಟ್ಟೆಕಿಚ್ಚು. ಅದೂ ಸಣ್ಣಪುಟ್ಟದ್ದಲ್ಲ. ಇಪ್ಪತ್ತು ವರ್ಷದ ಹತ್ತಿರ ಪ್ರತಿ ಶುಕ್ರವಾರ ಸಂಜೆ ಆ ಮೈದಾನದಲ್ಲಿ ನಿಂತು ಹಾಡಿದ್ದೇನೆ. ಬೆಳಗ್ಗೆಯಿಂದ ತಣ್ಣನೆಯದನ್ನು ಮುಟ್ಟುವುದಿಲ್ಲ. ನೀಲಿ ಉಡುಪಿಗೆ ಇಸ್ತ್ರಿ ಹಾಕುತ್ತೇನೆ. ಆ ಗೀತೆಯಲ್ಲಿ ಎತ್ತರದ ಒಂದು ಜಾಗವಿದೆ. ಎಂಥೆಂಥವರು ಅಲ್ಲಿ ಕೆಮ್ಮಿ ಇಳಿದಿದ್ದಾರೆ. ನಾನು ಒಂದು ಸಲವೂ ಇಳಿದಿಲ್ಲ. ಇದರಿಂದ ನನಗೆ ಸಿಕ್ಕಿದ್ದೇನು? ಜನ ಸಾಸಿವೆ ಬಳಿದ ಹಾಟ್‌ಡಾಗ್ ಹಿಡಿದುಕೊಂಡು ಸೀಟು ಹುಡುಕುತ್ತಿರುತ್ತಾರೆ. ಗಂಡಸರು ಟೋಪಿಯನ್ನು ಎದೆಗೊತ್ತಿಕೊಂಡು ಎದುರಾಳಿ ತಂಡದ ಹುಡುಗರ ತೋಳು ಅಳೆಯುತ್ತಿರುತ್ತಾರೆ. ಒಮ್ಮೆ ಪತ್ರಿಕೆಯಲ್ಲಿ ನನ್ನ ಚಿತ್ರ ಬಂದಿತ್ತು. ಬ್ಯಾಂಡಿನವರ ದೊಡ್ಡ ಡೋಲು ಅಡ್ಡ ಬಂದು ಅರ್ಧ ಮುಖವಷ್ಟೇ ಕಾಣುತ್ತಿತ್ತು. ಈ ಹುಡುಗ ಗೀತೆ ಮುಗಿಯುವವರೆಗೆ ಮಂಡಿಯೂರಿದ, ಅಷ್ಟೇ ತಾನೇ? ಕ್ಲೀವ್‌ಲ್ಯಾಂಡ್ ನಗರದಿಂದ ಟೀವಿಯವರ ವ್ಯಾನು ಬಂತು. ಮೊದಲ ಪುಟದಲ್ಲಿ ಪೂರ್ತಿ ಮುಖ ಬಂತು. ಡೋಲು ಎಲ್ಲಿ ಹೋಗಿತ್ತೋ!

ನನ್ನ ಬ್ಯೂಟಿ ಪಾರ್ಲರಿನಲ್ಲಿ ಬಾಯಿಗೆ ಬಂದದ್ದು ಆಡಿದೆನೆಂಬುದೂ ನಿಜ. ಒಲೀತಾ ನನ್ನ ಬಾಲ್ಯದ ಗೆಳತಿ. ಅವಳ ಗುಂಗುರು ಕೂದಲು ನೇರವಾಗಲೆಂದು ಬಿಸಿ ಬಾಚಣಿಗೆ ಹಾಕುತ್ತಿದ್ದೆ.

“ಏನೇ ಅರ್ನೆಸ್ಟೀನ್, ಮುಖ ಯಾಕೆ ಹಿಂಗೆ ಊದಿಸ್ಕೊಂಡಿದೀಯಾ?” ಎಂದಳು.

“ಇನ್ನೇನೇ ಮತ್ತೆ? ಗಂಟಲು ಹರ್ಕೊಂಡು ಹಾಡಿದೋಳು ನಾನು. ಬಾಯಿ ಮುಚ್ಕೊಂಡು ಕೂತೋನಿಗೆ ಟೀವಿ!”

“ಅಯ್ಯೋ ನಿನ್ನ! ಅಷ್ಟು ಚಿಕ್ಕ ಹುಡುಗನ ಮೇಲೂ ಹೊಟ್ಟೆ ಉರೀತದಾ ನಿಂಗೆ?”

“ಉರೀತದೆ ಕಣೇ. ನೀನು ಅವನ ಮನೆಗೆ ಗೆಣಸಿನ ಪೈ ಮಾಡ್ಕೊಂಡು ಹೋದ್ಯಂತೆ. ನಂಗೆ ಆಪರೇಷನ್ ಆದಾಗ ಒಂದು ಚೂರಾದ್ರೂ ತಂದ್ಯಾ?”

“ಸಿಹಿ ತಿನ್ಬಾರ್ದು ಅಂದಿದ್ರಲ್ಲೇ ಡಾಕ್ಟ್ರು!”

“ಅಂದಿದ್ರು. ತಂದು ತೋರ್ಸಿ ವಾಪಸ್ ತಗೊಂಡು ಹೋಗ್ಬಹುದಿತ್ತಲ್ಲ!”

ಪಕ್ಕದ ಕುರ್ಚಿಯಲ್ಲಿ ನಿಮ್ಮ ಕಚೇರಿಯ ಹೆಣ್ಣುಮಗಳು ಕುಳಿತಿದ್ದಳು. ಆಕೆಯ ಕಿವಿಯಿಂದ ನಿಮ್ಮ ಕಿವಿಗೆ ಹೋಗುವಷ್ಟರಲ್ಲಿ ನನ್ನ ಸಂಕಟಕ್ಕೆ ಬೇರೆಯದೇ ವೇಷ ಬಂದಿತ್ತು. ಪೈ ಮಾಯವಾಗಿ ಧ್ವಜ ಬಂದಿತ್ತು. ಮಾರನೇ ದಿನವೇ ನಿಮ್ಮಿಂದ ಕರೆ ಬಂತು. ನನ್ನ ಮಗಳ ಓದಿನ ವಿಷಯಕ್ಕೆ ಎಷ್ಟೋ ಸಲ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕಾದು ವಾಪಸಾದವಳಿಗೆ ಅಂದು ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು.

“ಮಿಸೆಸ್ ಮ್ಯಾಬ್ರಿ, ನಿಮ್ಮಂಥೋರೇ ಈ ಊರಿನ ಮರ್ಯಾದೆ,” ಎಂದಿರಿ. “ಬೇರೆ ಯಾರಾದ್ರೂ ಹೇಳಿದ್ರೆ ಕರಿಯರು ಬಿಳಿಯರು ಅಂತ ಗಲಾಟೆ ಎಬ್ಬಿಸ್ತಾರೆ. ನೀವು ಹೇಳಿದ್ರೆ ಆ ಮಾತೇ ಬರಲ್ಲ ನೋಡಿ. ನಂಗೆ ಬೇಜಾರಾಯ್ತು ಅಂತ ಅಷ್ಟೇ ಅನ್ನಿ. ರಾಜ್ಯದ ಫೈನಲ್‌ನಲ್ಲಿ ಹಾಡೋಕೆ ನಿಮ್ಮ ಹೆಸರೇ ಕಳಿಸ್ತೀವಿ.”

ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ? ಅಷ್ಟು ದೊಡ್ಡ ಮೈದಾನ, ಅಷ್ಟು ಜನ! ಎಷ್ಟು ವರ್ಷದಿಂದ ಕೇಳುತ್ತಿದ್ದೆ. ಯಾರದೋ ಸೊಸೆಗೆ, ಯಾರದೋ ನಾದಿನಿಗೆ ಆ ಅವಕಾಶ ಹೋಗುತ್ತಿತ್ತು. ಈಗ ನನ್ನ ಚರ್ಮದ ಬಣ್ಣ ನಿಮಗೆ ಉಪಯೋಗಕ್ಕೆ ಬರುತ್ತದೆ ಎಂದ ಕೂಡಲೇ ನನ್ನ ದನಿಯೂ ಒಳ್ಳೆಯದಾಯಿತು!

ಮಾನ್ಯರೇ, ಗೌರವದ ವಿಷಯ ಎತ್ತಿದ್ದೀರಿ, ಸಂತೋಷ. ಹಾಗಾದರೆ ಒಂದು ಮಾತು ಕೇಳುತ್ತೇನೆ. ಗೀತೆಯ ಕೊನೆಯ ಪದ ನನ್ನ ಬಾಯಿಂದ ಹೊರಡುವ ಮೊದಲೇ ನಮ್ಮೂರ ಗ್ಯಾಲರಿ ಏನೆಂದು ಅರಚುತ್ತದೆ? “ಮ್ಯೂಲ್ಸ್!” ಎಂದಲ್ಲವೇ? ನಮ್ಮ ತಂಡದ ಹೆಸರು, ನಿಜ. ಆದರೆ ಕತ್ತೆಗೂ ಕುದುರೆಗೂ ಹುಟ್ಟಿದ ಹೇಸರಗತ್ತೆ ಅದು. ನಮ್ಮ ಗೀತೆ ‘ಧೀರರ ನಾಡು’ ಎಂದು ಮುಗಿಯುತ್ತದೆ; ಆ ಧೀರರ ಹೆಸರು ಬರಬೇಕಾದ ಕಡೆ ಇಡೀ ಊರು ಹೇಸರಗತ್ತೆಯನ್ನು ಕೂಗುತ್ತದೆ. ಮುಷ್ಟಿ ಎತ್ತಿ ಎಲ್ಲರಿಗಿಂತ ಜೋರಾಗಿ ಕೂಗುವವರ ಸಾಲಿನಲ್ಲಿ ನಿಮ್ಮನ್ನೂ ಕಂಡಿದ್ದೇನೆ. ಒಮ್ಮೆ ತಂಡದ ತರಬೇತುದಾರರ ಹತ್ತಿರ ಈ ದೂರು ಒಯ್ದಾಗ ಅವರು ನಕ್ಕು, “ಅಯ್ಯೋ, ಅದು ಊರಿನ ಅಭಿಮಾನ ಬಿಡಿ ಮೇಡಂ,” ಎಂದರು. ರಾಷ್ಟ್ರಗೀತೆಯ ಬಾಯಿಗೆ ಬಟ್ಟೆ ತುರುಕಿದರೆ ಅಭಿಮಾನ, ಅದರ ಮುಂದೆ ತಲೆ ತಗ್ಗಿಸಿ ಕುಳಿತರೆ ದ್ರೋಹ! ನಿಂತ ಮಾತ್ರಕ್ಕೆ ದೇಶಪ್ರೇಮಿ ಆಗುವುದಾದರೆ ಆ ಧ್ವಜದ ಕಂಬಕ್ಕಿಂತ ದೊಡ್ಡ ದೇಶಪ್ರೇಮಿ ನಮ್ಮೂರಲ್ಲಿ ಯಾರಿದ್ದಾರೆ? ಈ ಲೆಕ್ಕದಲ್ಲಿ ಅದನ್ನೇ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಬಹುದಿತ್ತು.

ಅವನು ಮಂಡಿಯೂರಿದ ದಿನ ಏನಾಯಿತೆಂದು ಮೈಕಿನ ಮುಂದಿದ್ದ ನನ್ನನ್ನು ಕೇಳಿ. ನಾನಾಗ ಎತ್ತರದ ಜಾಗಕ್ಕೆ ಏರುತ್ತಿದ್ದೆ. ಸಾಲಿನಲ್ಲಿದ್ದ ಹುಡುಗರ ನಡುವೆ ಒಂದು ತಲೆ ಕೆಳಗಿಳಿಯಿತು. ಹೆಲ್ಮೆಟ್ ಪಕ್ಕಕ್ಕಿಟ್ಟು, ಹುಲ್ಲಿನ ಮೇಲೆ ಮಂಡಿಯಿಟ್ಟು, ಕತ್ತು ಬಗ್ಗಿಸಿ ಕುಳಿತ. ಮೊದಲು ಗುಸುಗುಸು, ಆಮೇಲೆ ಅದೂ ಇಲ್ಲ. ತಿನ್ನುತ್ತಿದ್ದವರು ಬಾಯಿ ನಿಲ್ಲಿಸಿದರು. ನಾನು ಹಾಡುತ್ತಲೇ ಇದ್ದೆ. ಕೊನೆಯ ಪದ ಬಂತು. ಯಾರೂ ಕೂಗಲಿಲ್ಲ! ಕೂಗುವುದನ್ನೇ ಮರೆತುಬಿಟ್ಟಿದ್ದರು. ನನ್ನ ಕೊನೆಯ ಸ್ವರ ಆ ತುದಿಯ ಗೋಲುಕಂಬದವರೆಗೆ ಹೋದದ್ದು ನನ್ನ ಕಿವಿಗೇ ಕೇಳಿಸಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಎಂಥ ಸುಖ ಎಂದು ಕಣ್ಣು ಮುಚ್ಚಿ ತೆರೆದರೆ ಒಬ್ಬರೂ ನನ್ನ ಕಡೆ ನೋಡುತ್ತಿಲ್ಲ. ಆ ನಿಶ್ಶಬ್ದ ನನ್ನದಲ್ಲ, ಅವನದು. ಇಪ್ಪತ್ತು ವರ್ಷ ಗಂಟಲಿನಿಂದ ಸಾಧಿಸಲಾಗದ್ದನ್ನು ಅವನು ಮಂಡಿಯಿಂದ ಸಾಧಿಸಿಬಿಟ್ಟಿದ್ದ. ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ.

ಆಟ ಮುಗಿದ ಮೇಲೆ ಬಿಡಲಿಲ್ಲ, ಹೋಗಿ ಅವನನ್ನು ಅಡ್ಡಗಟ್ಟಿದೆ.

“ಏನೋ, ನನ್ನ ಹಾಡು ಅಷ್ಟು ಕೆಟ್ಟದಾಗಿತ್ತೇನೋ?”

“ಇಲ್ಲ ಮಿಸ್ ಅರ್ನೆಸ್ಟೀನ್. ನೀವು ಹಾಡ್ತೀರಿ ಅಂತಲೇ ಇವತ್ತು ಕೂತಿದ್ದು,” ಎಂದ. “ಬೇರೆ ಊರಲ್ಲಿ ಟೇಪ್ ಹಾಕ್ತಾರೆ. ಟೇಪಿಗೆ ಅಮ್ಮನ ವಿಷಯ ಏನು ಗೊತ್ತು? ನಿಮಗಾದ್ರೆ ಗೊತ್ತು.”

ನನಗೆ ಗೊತ್ತು, ಹೌದು. ಅವನ ತಾಯಿ ಲೊವೆಟಾ ಚರ್ಚಿನ ಹಾಡುಗಾರರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಲ್ಲುವವಳು. ವೃದ್ಧರ ಆರೈಕೆಯ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟಿದ್ದಳು. ಹಿಂದಿನ ದೀಪ ಕೆಟ್ಟಿದೆಯೆಂದು ಪೊಲೀಸಿನವನು ತಡೆದ. ಇನ್ನೂ ಕೆಲಸದ ಸಮವಸ್ತ್ರದಲ್ಲೇ ಇದ್ದವಳನ್ನು ಪೆಟ್ರೋಲ್ ಬಂಕಿನ ಎದುರು ರಸ್ತೆಯ ಮೇಲೆ ಬೋರಲು ಮಲಗಿಸಿದ. ಎಲ್ಲ ನಿಯಮದಂತೆಯೇ ನಡೆದಿದೆ ಎಂದು ಆಮೇಲೆ ಪೊಲೀಸರೇ ಹೇಳಿಕೊಂಡರು. ಲೊವೆಟಾ ಅಂದಿನಿಂದ ಹಾಡುವಾಗ ಮುಖ ಎತ್ತುವುದಿಲ್ಲ. ಅವಳ ಮಗ ಮಂಡಿಯೂರಿ ಅದನ್ನು ಊರಿಗೆ ತಿಳಿಸಿದ. ಕಲ್ಲು ಎಸೆಯಲಿಲ್ಲ, ಕೆಟ್ಟ ಮಾತಾಡಲಿಲ್ಲ. ಇದಕ್ಕಿಂತ ಮೆತ್ತಗೆ ಹೇಳುವುದು ಹೇಗೆಂದು ನಿಮ್ಮ ಮಂಡಳಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೆ ಕಲಿಸಿಕೊಡಿ. ಈ ಋತುವಿನ ಆಟ ನೋಡಿ ಕಾಲೇಜಿನವರು ಅವನನ್ನು ಕರೆಯುವವರಿದ್ದಾರೆ. ಈಗ ತಂಡದಿಂದ ತೆಗೆದರೆ ಆ ಬಾಗಿಲೂ ಮುಚ್ಚಿತು. ನಿಮಗೆ ಗೊತ್ತಿಲ್ಲದ್ದೇನಲ್ಲ ಇದು.

ಇನ್ನೊಂದು ಉರಿ ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಅಣ್ಣ ಲೂಷಿಯಸ್ ಡೋರ್ಸಿ, ಎಷ್ಟೋ ವರ್ಷಗಳ ಕೆಳಗೆ, ಅದೇ ರಸ್ತೆಯಲ್ಲಿ ಪೊಲೀಸರ ಕೈಗೆ ಸಿಕ್ಕಿ ದವಡೆ ಮುರಿಸಿಕೊಂಡು ಬಂದ. ಏನೂ ಮಾಡಿರಲಿಲ್ಲ. ಆಮೇಲೆ ಸಾಯುವತನಕ ಅಗಿದು ತಿನ್ನಲಿಲ್ಲ. ಆ ವಾರದ ಶುಕ್ರವಾರವೂ ನಾನು ಹಾಡಿದೆ. “ಚೆನ್ನಾಗಿತ್ತು” ಎಂದು ಒಂದಿಬ್ಬರು ಹೇಳಿ ಹೋದರು. ಅಷ್ಟು ಜನರ ಮುಂದೆ ನಿಂತಿದ್ದರೂ ಅಣ್ಣನ ವಿಷಯವನ್ನು ಅವರಿಗೆ ಮುಟ್ಟಿಸುವುದಕ್ಕೊಂದು ದಾರಿಯಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆಯಲಿಲ್ಲ. ಈ ಹುಡುಗನಿಗೆ ಹೊಳೆಯಿತು, ಅದೂ ಮೀಸೆ ಸರಿಯಾಗಿ ಬರುವ ಮೊದಲು! ಲೊವೆಟಾಗೆ ಅವಳಿಗಾಗಿ ಮಂಡಿಯೂರುವ ಮಗನಿದ್ದಾನೆ. ಲೂಷಿಯಸ್‌ಗೆ ಇದ್ದದ್ದು ಚೆನ್ನಾಗಿ ಹಾಡುವ ತಂಗಿ. ಲೊವೆಟಾಳನ್ನು ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಆದರೆ ಈ ಉರಿ ನನ್ನದು. ಕಷ್ಟಪಟ್ಟು ಸಂಪಾದಿಸಿದ್ದು. ಆ ಹುಡುಗನ ಕಾಲು ಕತ್ತರಿಸಲು ಇದನ್ನು ನಿಮಗೆ ಸಾಲ ಕೊಡುವುದಿಲ್ಲ. ವಿಚಾರಣೆಯನ್ನು ಕೈಬಿಡಿ, ಶುಕ್ರವಾರ ಅವನನ್ನು ಆಡಲು ಬಿಡಿ. ರಾಜ್ಯದ ಫೈನಲ್‌ಗೆ ನಿಮ್ಮ ನಾದಿನಿಯ ಹೆಸರನ್ನೇ ಕಳಿಸಿ, ನನಗೆ ಬೇಡ. (ಬೇಕು. ಆದರೆ ಈ ಬೆಲೆಗೆ ಬೇಡ.) ಇಷ್ಟಾದರೂ ಮಂಗಳವಾರ ನೀವು ಮಂಡಳಿ ಕೂಡಿಸಿದರೆ ನಾನು ತಪ್ಪದೆ ಬರುತ್ತೇನೆ. ನನ್ನ ಅಣ್ಣನ ದವಡೆಯಿಂದ ಶುರುಮಾಡುತ್ತೇನೆ. ಅಡ್ಡ ಬರಬೇಡಿ, ನಾನು ಉಸಿರು ಹಿಡಿದು ಎಷ್ಟು ಹೊತ್ತು ನಿಲ್ಲಬಲ್ಲೆ ಎಂಬುದನ್ನು ನೀವು ಬಲ್ಲಿರಿ.

ಇಂತಿ,
ಮಂಡಿ ಸವೆದು ಕೂತರೆ ಏಳಲಾರದ,
ಎಬ್ಬಿಸುವವರು ಯಾರಾದರೂ ಸಿಕ್ಕರೆ ಮುಂದಿನ ಶುಕ್ರವಾರ ಕೂರುವ ಯೋಚನೆಯಲ್ಲಿರುವ
ಅರ್ನೆಸ್ಟೀನ್ ಮ್ಯಾಬ್ರಿ