ಓಥೋನ ದೋಣಿ ಎತ್ತುವ ಮೊದಲು ಹುಲ್ಲು ನೆಡಿ

ಕೊಲ್ಲಿಯ ದಡ ಕಾಯುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಬರುವ ಅಕ್ಟೋಬರಿನಲ್ಲಿ ತಾವು ಕ್ರೇನು ಕಳಿಸಿ, ನಮ್ಮ ಬ್ರ್ಯಾಂಟ್ ನೆಕ್ ಹಳ್ಳಿಯ ದಡದ ಮುಂದೆ ನಾವು ಕೂರಿಸಿದ ಹಳೆಯ ದೋಣಿಗಳನ್ನು ಎತ್ತಿಸುತ್ತೀರಂತೆ. ಅವುಗಳ ಜಾಗದಲ್ಲಿ ತಗ್ಗು ಕಲ್ಲಿನ ಸಾಲು ಹಾಕಿ ಜವುಗು ಹುಲ್ಲು ನೆಡುವುದು ಮಾತ್ರ ಮುಂದಿನ ಮೇ ತಿಂಗಳಲ್ಲಂತೆ. ಎರಡರ ನಡುವೆ ಚಳಿಗಾಲವೆಂಬುದೊಂದು ಬರುತ್ತದೆ ಎಂದು ನಿಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಅಚ್ಚಾಗಿಲ್ಲವೇ? ಆಗ ವಾಯವ್ಯದ ಗಾಳಿ ಚೆಸಪೀಕ್ ಕೊಲ್ಲಿಯನ್ನು ದಾಟಿ ಬಂದು ಮೊದಲು ಬಡಿಯುವುದು ನನ್ನ ಅತ್ತಿಗೆ ಅರ್ಲೀನಳ ಹಿತ್ತಿಲಿಗೆ. ನಮ್ಮಲ್ಲಿ ಸತ್ತವರನ್ನು ಮನೆಯ ಜಾಗದಲ್ಲೇ ಹೂಳುವುದು. ಆ ಹಿತ್ತಿಲಲ್ಲಿ ನನ್ನ ಅಣ್ಣ ಓಥೋ ಮಲಗಿದ್ದಾನೆ.

ಈ ಮುದುಕ ಯಾರು ಎಂದು ನೀವು ಕೇಳುವ ಮೊದಲೇ ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಊರ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಓದಿದ್ದೇನೆ. ಅದರಲ್ಲಿ ಅರ್ಧ ಕಾಲ ಕಿಟಕಿಯಾಚೆ ಹೋಗುವ ಏಡಿ ದೋಣಿಗಳನ್ನೇ ಓದಿದ್ದು. ಈ ದಡದಲ್ಲಿ ನನಗಿಂತ ಹೆಚ್ಚು ಏಡಿ ಹಿಡಿದವನಿಲ್ಲ. ಇದ್ದೇನೆ ಎಂದು ಯಾರಾದರೂ ಬಂದರೆ ಅವನು ಸುಳ್ಳ, ನನ್ನ ಹತ್ತಿರ ಕಳಿಸಿ.

ಆ ದೋಣಿಗಳಿಗೆ ನಿಮ್ಮ ನಕ್ಷೆ ಕೆಂಪು ಬಳಿದು 'ಕಸ, ತೆರವಿಗೆ ಯೋಗ್ಯ' ಎಂದು ಬರೆದಿದೆ. ಸ್ವಾಮೀ, ಅವು ತೇಲಿಬಂದದ್ದಲ್ಲ. ನೀರಿನ ಮೇಲೆ ದುಡಿದವನ ಮೊಣಕಾಲು ಸೋತಾಗ, ಇಲ್ಲವೇ ಅವನೇ ತೀರಿಕೊಂಡಾಗ, ನಾವು ದೋಣಿಯನ್ನು ಮಾರುವುದೂ ಇಲ್ಲ, ಸುಡುವುದೂ ಇಲ್ಲ. ಯಂತ್ರ ಕಳಚಿ, ಎಣ್ಣೆ ಒರೆಸಿ, ಹೊಟ್ಟೆತುಂಬ ಸಿಂಪಿಯ ಚಿಪ್ಪು ತುಂಬಿ, ತುಂಬು ಉಬ್ಬರದಲ್ಲಿ ಊರೆಲ್ಲ ಸೇರಿ ಎಳೆದೊಯ್ದು ದಡದ ಮುಂದೆ ಸಾಲಿನಲ್ಲಿ ಕೂರಿಸುತ್ತೇವೆ. ಗಂಡಸರು ಸೊಂಟಮಟ್ಟ ನೀರಿನಲ್ಲಿ ನಡುಗುತ್ತಿದ್ದರೆ ಆ ಮನೆಯಾಕೆ ದಡದಲ್ಲಿ ನಿಂತು ಪದರಪದರದ ಕೇಕು ಕೊಯ್ಯುತ್ತಾಳೆ. ಬರಬರುತ್ತ ಚಿಪ್ಪಿಗೆ ಹೊಸ ಸಿಂಪಿ ಅಂಟುತ್ತದೆ, ಹಿಂದೆ ಹೂಳು ನಿಲ್ಲುತ್ತದೆ, ಹೂಳಿನಲ್ಲಿ ಹುಲ್ಲು ಏಳುತ್ತದೆ. ನಿಮ್ಮ ಹೊಳೆಯುವ ಪುಸ್ತಿಕೆ 'ನಿಸರ್ಗವೇ ಕಟ್ಟುವ ಗೋಡೆ' ಎಂದು ಹೊಗಳುವುದು ಇದನ್ನೇ ಅಲ್ಲವೇ? ನಾವು ಮಾಡಿದರೆ ಕಸ, ನೀವು ಗುತ್ತಿಗೆ ಕೊಟ್ಟರೆ ನಿಸರ್ಗ, ಇದು ಯಾವ ವ್ಯಾಕರಣ?

ನಕ್ಷೆ ಮಾಡಲು ಬಂದ ನಿಮ್ಮ ಹುಡುಗಿ ಕೆಂಡ್ರಾಳ ಮೇಲೆ ನನಗೆ ಕೋಪವಿಲ್ಲ. ಅವಳು ಚಪ್ಪಟೆ ದೋಣಿಯಲ್ಲಿ ದಡ ಹಿಡಿದು ನಿಧಾನ ಸಾಗುತ್ತ, ಎಲ್ಲಿ ಕಡಿದಾದ ಮಣ್ಣಿನ ದಡ, ಎಲ್ಲಿ ಹುಲ್ಲು, ಎಲ್ಲಿ ಮರದ ನೆರಳು, ಯಾರು ಗೋಡೆ ಕಟ್ಟಿದ್ದಾರೆ ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ಸಲಹೆ ಕೊಡಲು ನಾನೂ ಹಿಂದೆಯೇ ಹೋದೆ.

"ಇಷ್ಟೆಲ್ಲ ಯಾಕಮ್ಮಾ ಒದ್ದಾಟ? ಆ ಯಂತ್ರ ಬಿಸಾಕಿ ನನ್ನನ್ನೇ ಮಡಚಿ ಚೀಲಕ್ಕೆ ಹಾಕ್ಕೋ. ನಕ್ಷೆ ಪೂರ್ತಿ ಒಳಗಿದೆ."

"ಚೀಲ ಚಿಕ್ಕದು ಕ್ಯಾಪ್ಟನ್, ನೀವು ಹಿಡಿಸಲ್ಲ. ಸ್ವಲ್ಪ ಪಕ್ಕಕ್ಕೆ ಹೋಗಿ, ನಿಮ್ಮಿಂದ ದಡಾನೇ ಕಾಣ್ತಿಲ್ಲ."

ಸಾಲಿನ ಕೊನೆಯ ದೋಣಿ ಓಥೋನದು. ಅಲ್ಲಿ ಅವಳು ನಿಂತುಬಿಟ್ಟಳು. "ಇಲ್ಲಿ ಸಾಲು ಮುಗಿಯುತ್ತಲ್ಲ, ನೀರು ಸುತ್ತಿಕೊಂಡು ಒಳಗೆ ನುಗ್ತಿದೆ. ದಡಾನ ಬುಡದಿಂದ ಕೊರೀತಿದೆ."

"ಏನೂ ಕೊರೀತಿಲ್ಲ. ಆ ದೋಣಿ ಕೂರಿಸಿದ್ದು ನಾನು, ಈ ಸೆವರ್ನ್," ಎಂದೆ.

ಮೇಲೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ಅರ್ಲೀನ್ ಕೂಗಿದಳು: "ನೀನು ಕೂರಿಸಿದ್ದಕ್ಕೇ ಕಣೋ! ಬಟ್ಟೆ ಕಂಬ ಎರಡು ಸಲ ಹಿಂದಕ್ಕೆ ನೆಟ್ಟಿದೀನಿ. ಇನ್ನೊಂದು ಸಲ ನೆಡೋದಾದ್ರೆ ನಿಮ್ಮಣ್ಣನ ಎದೆ ಮೇಲೇ ನೆಡಬೇಕು. ಆ ಮಗು ಹೇಳ್ತಿರೋದು ಸರಿ. ಬಾಯ್ಮುಚ್ಕೊಂಡು ಹೋಗಿ ಏಡಿ ಹಿಡಿ!"

ಹೋಗಿ ಹಿಡಿದೆ. ಎಲ್ಲರಿಗಿಂತ ಹೆಚ್ಚೇ ಹಿಡಿದೆ, ಅದು ಬೇರೆ ಮಾತು. ಆದರೆ ನಕ್ಷೆ ಹೇಳಿದ್ದು ನಿಜ. ಸಾಲಿನ ಆ ತುದಿಗೆ ಕಲ್ಲು ಬೇಕು, ಹುಲ್ಲು ಬೇಕು. ರೋಗ ಗುರುತಿಸಿದ್ದು ಸರಿಯಾಗಿದೆ. ಕೆಟ್ಟಿರುವುದು ನಿಮ್ಮ ಚಿಕಿತ್ಸೆಯ ಸರದಿ. ಕುಂಟನ ಊರುಗೋಲನ್ನು ಅಕ್ಟೋಬರಿನಲ್ಲಿ ಕಿತ್ತುಕೊಂಡು ಕಾಲನ್ನು ಮೇ ತಿಂಗಳಲ್ಲಿ ಕೊಡುತ್ತೇನೆ ಎನ್ನುವವನನ್ನು ವೈದ್ಯ ಎನ್ನುತ್ತಾರೆಯೇ?

ಫೋನು ಮಾಡಿದರೆ ಪಾಪ ಕೆಂಡ್ರಾ ಅಂದಳು: "ದಡದಲ್ಲಿರೋದಕ್ಕೆಲ್ಲ ಕಚೇರಿ ಕೊಟ್ಟಿರೋ ಹೆಸರು ಇಷ್ಟೇ ಕ್ಯಾಪ್ಟನ್. ಗೋಡೆ, ಕಲ್ಲು, ಹುಲ್ಲು, ಕಸ. ದೋಣಿ ಅಲೆ ತಡೀತಿದೆ ಅಂತ ಟಿಪ್ಪಣಿ ಹಾಕಿದ್ದೆ, ಮೇಲಿನವರು ತೆಗೆದುಬಿಟ್ರು." ಆ ಮೇಲಿನವರು ಯಾರೆಂದು ಕೇಳಲು ನಿಮ್ಮ ಕಚೇರಿಗೇ ಬಂದೆ. ನೀವಿರಲಿಲ್ಲ. ಕಿಟಕಿಯ ಹಿಂದಿನ ಹುಡುಗ ತಲೆಯೆತ್ತದೆ, "ಕಸ ಇರೋವರೆಗೆ ಹುಲ್ಲಿಗೆ ಅನುಮತಿ ಸಿಗಲ್ಲ ಅಂಕಲ್," ಎಂದ. ಅನುಮತಿ ಕೇಳಿಕೊಂಡು ಹುಟ್ಟುವ ಹುಲ್ಲನ್ನು ನಾನಂತೂ ನೋಡಿಲ್ಲ.

ಈಗ ನಗು ಬಿಟ್ಟು ಹೇಳುತ್ತೇನೆ. ಕಳೆದ ಫೆಬ್ರವರಿಯ ಒಂದೇ ಗಾಳಿಗೆ, ದೋಣಿಸಾಲು ಇದ್ದೂ, ಓಥೋನ ತಲೆಗಲ್ಲು ನೀರಿನ ಕಡೆಗೆ ವಾಲಿತು. ನಾನೂ ಅತ್ತಿಗೆಯೂ ಹಗ್ಗ ಹಾಕಿ ನೆಟ್ಟಗೆ ಮಾಡಿದೆವು. ಸಾಲು ಇಲ್ಲದ ಚಳಿಗಾಲದಲ್ಲಿ ಏನಾದೀತು? ನಿಮ್ಮ ಕಚೇರಿ ಸಮಾಧಿಯನ್ನೇ ಒಳನಾಡಿಗೆ ಸಾಗಿಸಿ ಎಂದಿದೆ. ಅವಳಿಗೆ ಹೇಳಿದೆ. "ಬದುಕಿದ್ದಾಗಲೇ ನಾನು ಕರೆದ್ರೆ ನೀರು ಬಿಟ್ಟು ಊಟಕ್ಕೆ ಬಂದವನಲ್ಲ. ಈಗ ಬರ್ತಾನಾ?" ಎಂದು ನಕ್ಕಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆದ್ದರಿಂದ ಕೇಳುವುದಿಷ್ಟು. ಮೊದಲು ಆ ತುದಿಗೆ ಕಲ್ಲು ಹಾಕಿ, ಮೇ ತಿಂಗಳಲ್ಲಿ ಹುಲ್ಲು ನೆಡಿ, ಅದು ಬೇರು ಹಿಡಿಯುವವರೆಗೆ ದೋಣಿ ಮುಟ್ಟಬೇಡಿ. ಅದಾದಮೇಲೂ ನಿಮ್ಮ ಕ್ರೇನಿನ ಕೈ ತುರಿಸುತ್ತಿದ್ದರೆ ಬನ್ನಿ, ಅಣ್ಣನ ದೋಣಿಗೆ ಹಗ್ಗವನ್ನು ನಾನೇ ಕಟ್ಟಿಕೊಡುತ್ತೇನೆ. ಅಕ್ಟೋಬರಿನಲ್ಲೇ ಬರುವುದಾದರೆ ಚಾಲಕನಿಗೆ ಮೊದಲೇ ತಿಳಿಸಿಡಿ: ಆ ದೋಣಿಯಲ್ಲಿ ಒಬ್ಬ ವಿಧವೆ ಕೂತಿರುತ್ತಾಳೆ, ಅವಳಿಗೆ ಈಜು ಬಾರದು, ಪಕ್ಕದಲ್ಲಿ ನಾನಿರುತ್ತೇನೆ, ನನಗೆ ಏಳಲು ಬಾರದು. ದಯವಿಟ್ಟು ಸರದಿ ಬದಲಿಸಿ.

ಇಂತಿ,
'ದಯವಿಟ್ಟು' ಎಂಬ ಪದವನ್ನು ಈ ವಯಸ್ಸಿನಲ್ಲಿ ಮೊದಲ ಸಲ ಬರೆದು, ಕಾಗುಣಿತ ಸರಿಯೇ ಎಂದು ಅತ್ತಿಗೆಗೆ ತೋರಿಸಿಬಂದ
ಸೆವರ್ನ್ ಬ್ರ್ಯಾಡ್‌ಶಾ
ಬ್ರ್ಯಾಂಟ್ ನೆಕ್