ಬೀಟೆ ಹಿಡಿ, ರಬ್ಬರ್ ಹಿಡಿ

ಭಾವಾ,

ಶಿವಮೊಗ್ಗ ಜಿಲ್ಲೆಯಲ್ಲಿ ನನ್ನಂಥ ಗುರಿಕಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಕೊಂಡು ಹಾರೋ ಸೊಳ್ಳೆಯ ಎಡಮೀಸೆ ಉದುರಿಸ್ತೀನಿ, ಬಲಮೀಸೆಗೆ ಗಾಳೀನೂ ಸೋಕಲ್ಲ. ನಗಬೇಡಿ. ನೀವು ಹೋಗಿ ಹನ್ನೊಂದು ತಿಂಗಳಾಯ್ತು, ಈಗಲೂ ನನ್ನ ಮಾತಂದ್ರೆ ನಿಮಗೆ ತಮಾಷೆ. ಇವತ್ತು ನಾನು ಸಿಟ್ಟಲ್ಲಿ ಬರೀತಿದೀನಿ. ಆ ಬಂದೂಕಿನಂಗಡಿಯವನ ಮೇಲೆ, ನನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚು ನಿಮ್ಮ ಮೇಲೆ.

ನೆನಪಿದೆಯಾ, ನಾನು ಹಳೇ ರಿವಾಲ್ವರ್ ತಗೊಂಡು ಭದ್ರಾವತಿ ನ್ಯೂಟೌನಿನ ನಿಮ್ಮ ಮನೆಗೆ ಬಂದ ಭಾನುವಾರ? ಗಾಂಧಿ ಬಜಾರ್‌ನಲ್ಲಿ ಬೆಲ್ಲದ ವ್ಯಾಪಾರ, ಊರೂರು ಸುತ್ತಿ ವಸೂಲಿ ಹಣ ತರೋನು ಅಂತ ಲೈಸೆನ್ಸ್ ಸಿಕ್ಕಿತ್ತು. ಆದರೆ ಆಲೆಮನೆ ಗಾಣಕ್ಕೆ ಎರಡು ಬೆರಳು ಕೊಟ್ಟ ಈ ಬಲಗೈಲಿ ಅದರ ಹಿಡಿ ನಿಲ್ತಿರಲಿಲ್ಲ. ನೀವು ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಕೆತ್ತೋರು. ಅಕ್ಕ ಕಲಸಿಟ್ಟಿದ್ದ ಚಪಾತಿ ಹಿಟ್ಟು ತಂದು ನನ್ನ ಕೈಗಿಟ್ಟು, "ಹಿಸುಕು ಮಾರಾಯ" ಅಂದ್ರಿ. ಅಕ್ಕ ಅಡುಗೆಮನೆಯಿಂದಲೇ, "ತಿನ್ನೋ ಹಿಟ್ಟಲ್ಲಿ ಏನ್ರೀ ಅದು ಆಟ? ಅದನ್ನೇ ಲಟ್ಟಿಸಿ ಇಬ್ಬರಿಗೂ ಹಾಕ್ತೀನಿ, ನೋಡ್ತಿರಿ!" ಅಂತ ಕೂಗಿದ್ಲು. ಆ ಗುರುತು ನೋಡ್ಕೊಂಡು ಬೀಟೆಮರದಲ್ಲಿ ಹಿಡಿ ಕೆತ್ತಿದ್ರಿ. ಬೆರಳಿಲ್ಲದ ಜಾಗಕ್ಕೆ ಮರ ಉಬ್ಬಿಸಿದ್ರಿ. ಹಿಡಿದ್ರೆ ಹೋದ ಬೆರಳು ವಾಪಸ್ ಬಂದ ಹಾಗೆ...

ಆಮೇಲೆ ಬಂತಲ್ಲ ಆ ಚುನಾವಣೆ. ಲೈಸೆನ್ಸ್ ಇರೋರೆಲ್ಲ ಠಾಣೆಗೆ ಆಯುಧ ಒಪ್ಪಿಸೋಕೆ ಸಾಲು ನಿಂತಿದ್ವಿ. ಹಿಂದೆ ನಿಂತಿದ್ದ ನವುಲೆ ಕಡೆಯ ಹುಡುಗನೊಬ್ಬ, ನೆಟ್ಟಗೆ ಮೀಸೆ ಬಂದಿರಲಿಲ್ಲ, ತನ್ನ ಹೊಸ ಮಾಡೆಲ್ ತೋರಿಸಿ, "ಏನ್ ಮಾಮ, ನಿಮ್ದು ಠಾಣೆಗಲ್ಲ, ಮ್ಯೂಸಿಯಮ್ಮಿಗೆ ಒಪ್ಪಿಸಬೇಕಿತ್ತು" ಅಂದ. ಕಾನ್‌ಸ್ಟೇಬಲ್ ಕೂಡ ನಕ್ಕ. ಚುನಾವಣೆ ಮುಗಿದು ಆಯುಧ ವಾಪಸ್ ಕೊಟ್ಟರು, ನಾನು ಮಾರೋಕೆ ಅನುಮತಿ ಕಾಗದ ಮಾಡಿಸ್ಕೊಂಡು ಸೀದಾ ಬಂದೂಕಿನಂಗಡಿಗೆ ಹೋದೆ. ಅವನು ನಿಮ್ಮ ಹಿಡಿಯನ್ನ ಉಗುರಲ್ಲಿ ಕುಟ್ಟಿ, "ಇದು ಕಂಪನಿದಲ್ಲ ಸಾಹೇಬ್ರೇ, ರೇಟ್ ಇಳಿಯುತ್ತೆ" ಅಂದ. ಕೆನ್ನೆಗೆ ಬಾರಿಸಬೇಕಿತ್ತು. ನಾನು ತಲೆ ಆಡಿಸಿ ಅದನ್ನ ಕೊಟ್ಟು, ಆ ಹುಡುಗನ ಹತ್ರ ಇದ್ದಂಥದೇ ಹೊಸ ಮಾಡೆಲ್ ತಗೊಂಡು ಬಂದೆ.

ನೀವು ಹಾಸಿಗೆ ಹಿಡಿದಿದ್ದಾಗ ನೋಡೋಕೆ ಬಂದಿದ್ದೆನಲ್ಲ, ಆಗ ಅದು ಮಾರಿ ಎಂಟು ದಿನ. ಕೈ ಚಾಚಿ, "ಹಿಡಿ ಸ್ಕ್ರೂ ಸಡಿಲ ಆಗಿರಬೇಕು, ತಗೊಂಡು ಬಾ, ಬಿಗಿ ಮಾಡ್ಕೊಡ್ತೀನಿ" ಅಂದ್ರಿ. "ಕಲ್ಲಿನ ಹಾಗಿದೆ ಭಾವ" ಅಂದೆ. ಸರಿ ಅಂತ ಕಣ್ಣು ಮುಚ್ಚಿದ್ರಿ. ಯಾಕ್ರೀ ನಂಬಿದ್ರಿ? ಜೀವಮಾನ ಪೂರ್ತಿ ನನ್ನ ಒಂದು ಮಾತೂ ನಂಬದ ಮನುಷ್ಯ, ಅದೊಂದನ್ನ ಮಾತ್ರ ಯಾಕೆ ನಂಬಿದ್ರಿ? "ಸುಳ್ಳ!" ಅಂತ ಒಂದು ಸಲ ಅಂದಿದ್ರೆ ಅವತ್ತೇ ಓಡಿಹೋಗಿ ಬಿಡಿಸ್ಕೊಂಡು ಬರ್ತಿದ್ದೆ.

ಹೊಸದನ್ನ ಒಂದು ವರ್ಷ ಬೀರುವಿನಲ್ಲಿಟ್ಟು ಕುಂಕುಮ ಹಚ್ಚಿದ್ದೇ ಬಂತು. ಹೋದ ತಿಂಗಳು ಪೊಲೀಸರ ತರಬೇತಿ ಮೈದಾನದಲ್ಲಿ ಮೊದಲನೇ ಸಲ ಹಾರಿಸಿದೆ. ರಬ್ಬರ್ ಹಿಡಿ ಐದು ಬೆರಳಿದ್ದೋರಿಗೆ ಮಾಡಿದ್ದು, ನನ್ನ ಕೈಲಿ ತಿರುಗಿತು. ಹಗುರ ಅಂತ ಮೆಚ್ಚಿ ತಂದಿದ್ದೆ; ಹಗುರ ಆದಷ್ಟೂ ಹೆಚ್ಚು ಎಗರುತ್ತೆ ಅಂತ ಯಾವ ಬಡ್ಡೀಮಗ ಹೇಳಿದ್ದ? ಅದೇ ಗುಂಡು, ಅದೇ ಆರು, ಬೇರೆ ಏನಿದೆ ಅದರಲ್ಲಿ, ಹೊಳಪು ಬಿಟ್ರೆ? ಒಂದೂ ಹಾಳೆಗೆ ತಾಗಲಿಲ್ಲ. "ಯಜಮಾನ್ರೇ, ಗುರಿ ಈ ಕಡೆ ಇದೆ" ಅಂದ ಇನ್ಸ್‌ಪೆಕ್ಟರು.

ಅದನ್ನೂ ನುಂಗ್ಕೊಂಡಿದ್ದೆ. ಆದರೆ ಹೋದ ವಾರ ಅಕ್ಕ ಫೋನ್ ಮಾಡಿದ್ಲು. "ವರ್ಷದ ಕಾರ್ಯಕ್ಕೆ ಫೋಟೋ ಹತ್ರ ಅವರು ಕೆತ್ತಿದ್ದು ಏನಾದ್ರೂ ಇಡೋಣ ಅಂದ್ರೆ ಮನೇಲಿ ಒಂದೂ ಇಲ್ಲ ಕಣೋ. ಎಲ್ಲಾ ಕಾರ್ಖಾನೆಗೇ ಕೆತ್ತಿದ್ರು. ನಿನ್ನ ಆ ಹಿಡಿ ಬಿಚ್ಚಿ ತಂದ್ಕೊಡು, ಒಂದು ದಿನಕ್ಕೆ." ಅಂಗಡಿಗೆ ಓಡಿದೆ. "ಅದಾ? ಅವತ್ತೇ ಕಿತ್ತು ಬಿಸಾಕಿ ಬೇರೆ ಹಾಕಿ ಮಾರಿದ್ವಲ್ಲ" ಅಂದ. ಅಕ್ಕನಿಗೆ, "ಬಿಚ್ಚಿದ್ರೆ ಲೈಸೆನ್ಸ್ ಹೋಗುತ್ತೆ" ಅಂದೆ. "ಹೌದಾ, ಬೇಡ ಬಿಡು ಹಾಗಾದ್ರೆ" ಅಂದ್ಲು. ಅವಳೂ ನಂಬಿದ್ಲು! ಗಂಡ ಹೆಂಡತಿ ಇಬ್ಬರೂ ಸೇರಿ ನನ್ನ ಕೊಲ್ತೀರಾ?

ನಿನ್ನೆ ಆ ಹೊಸ ಮಾಡೆಲನ್ನ ಅದೇ ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಭಾನುವಾರ ಭದ್ರಾವತಿಗೆ ಹೋಗ್ತೀನಿ, ಕಾರ್ಯಕ್ಕೆ ಮೊದಲೇ ಅಕ್ಕನ ಎದುರು ಕೂತು ಎಲ್ಲಾ ಹೇಳ್ತೀನಿ. ಬೈದ್ರೆ ಬೈಲಿ, ಬಾಗಿಲು ಹಾಕ್ಕೊಂಡ್ರೆ ಹಾಕ್ಕೊಳ್ಲಿ. ಎಷ್ಟು ಹೋಯ್ತೋ ಅಂತ ಖಂಡಿತ ಕೇಳ್ತಾಳೆ. ಬಜಾರಿನಲ್ಲಿ ಹತ್ತು ಸಾವಿರ ಲಾಭ ಅಂದಿದೀನಿ, ಮನೇಲಿ ಐದು ಸಾವಿರ ಲುಕ್ಸಾನು ಅಂದಿದೀನಿ. ನಿಮ್ಮಿಬ್ಬರಿಗೆ ಮಾತ್ರ ನಿಜ: ಒಂದು ಲಕ್ಷದ ಹದಿನೆಂಟು ಸಾವಿರಕ್ಕೆ ತಂದಿದ್ದು, ಐವತ್ತೈದಕ್ಕೆ ಕೊಟ್ಟೆ. ಅರವತ್ಮೂರು ಸಾವಿರ ರೂಪಾಯಿ ಹೋಯ್ತು ಭಾವ.