ಕೈ ಮಾತ್ರ ಸಾಕಂತೆ

ಮಾರ್ಚ್ 4, ಬೆಳಿಗ್ಗೆ

ತೋಳು ಕೂರಿಸುವ ಪಾಠ ಮುಗಿಯಿತು. ಕತ್ತರಿ ಒರೆಸಿಟ್ಟೆ. ಇನ್ನು ವಿಡಿಯೊ ಎಡಿಟಿಂಗಿಗೆ ತಮ್ಮನ ಕೋಣೆಗೆ ಹೋಗಬೇಕು, ಅಂದರೆ ಒಂದೇ ಒಂದು ಗೋಡೆ ದಾಟಬೇಕು. ವೈಫೈಯಲ್ಲಿ ಅದಕ್ಕೆ ಮಧ್ಯಾಹ್ನವಾಗುತ್ತದೆ. ಪೆನ್‌ಡ್ರೈವ್ ಕೊಟ್ಟರೆ ಕಳೆದುಹಾಕುತ್ತಾನೆ. ಎಷ್ಟು ಕಳೆದಿದ್ದಾನೋ ಅವನಿಗೇ ಲೆಕ್ಕವಿಲ್ಲ.

ಮೊದಲ ಸಲ ತೆಗೆದಾಗ ಕ್ಯಾಮೆರಾ ಸ್ವಲ್ಪ ಮೇಲೆದ್ದು ನನ್ನ ಗಲ್ಲ ಬಂದುಬಿಟ್ಟಿತ್ತು. ಮತ್ತೆ ಶೂಟ್ ಮಾಡಿಸಿದ. ಮುಖ ಬರಬಾರದು ಎನ್ನುವುದು ಅವನ ಕಾನೂನು. ಹೊಲಿಗೆ ಕಲಿಯುವವರಿಗೆ ಕೈ ಮಾತ್ರ ಸಾಕಂತೆ. ಶುರುವಿನಲ್ಲಿ ಅವನು ಹಾಗೆಂದಾಗ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯೇ ಎಂದು ಕನ್ನಡಿ ಮುಂದೆ ನಿಂತಿದ್ದೆ. ಈಗ ಅಭ್ಯಾಸವಾಗಿದೆ.

ಮಾರ್ಚ್ 6

ಆಶ್ಚರ್ಯ. ಜುಗ್ಗ ತಮ್ಮ ಖರ್ಚು ಮಾಡಿದ್ದಾನೆ! ಯುಎಸ್‌ಬಿ ಅಡಾಪ್ಟರ್ ಅಂತೆ, ಎರಡು. ಹೆಬ್ಬೆರಳಿನಷ್ಟಿವೆ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಗೆ ನೆಟ್‌ವರ್ಕ್ ವೈರು. ನನ್ನದಕ್ಕೊಂದು, ಅವನ ಲ್ಯಾಪ್‌ಟಾಪಿಗೊಂದು, ನಡುವೆ ಉದ್ದದ ವೈರು. ಕಂಪ್ಯೂಟರಿನೊಳಗೇ ಇರುವ ಪೋರ್ಟಿಗಿಂತ ಇದು ವೇಗವಂತೆ. "ಇನ್ಮೇಲೆ ನೀನು ಕಾಯೋದೇ ಬೇಡ ಅಕ್ಕ" ಅಂದ. ಅಕ್ಕನ ಮೇಲೆ ಇದ್ದಕ್ಕಿದ್ದಂತೆ ಇಷ್ಟೊಂದು ಪ್ರೀತಿ!

ಮಾಡಿದ ಕೆಲಸವೋ, ದೇವರಿಗೇ ಪ್ರೀತಿ. ಗೋಡೆಯುದ್ದಕ್ಕೂ ಕಂದು ಟೇಪು. ಇಸ್ತ್ರಿ ಮೇಜಿನ ಕೆಳಗೆ ಗಂಟು ಗಂಟು. ಬಾಗಿಲು ಹಾಕಿದರೆ ವೈರು ಸಂದಿಯಲ್ಲಿ ಚಪ್ಪಟೆ. ಮೂಲೆಯಲ್ಲಿ ದಾರದ ಚೂರು, ಕೂದಲು, ಧೂಳು ಎಲ್ಲವೂ ಆ ಟೇಪಿಗೆ ಅಂಟಿಕೊಂಡು ಸತ್ತ ಇಲಿಯ ಬಾಲದ ಹಾಗೆ ಕಾಣುತ್ತದೆ. ಹೇಸಿಗೆ.

ಅದಕ್ಕಿಂತ ದೊಡ್ಡ ಹೇಸಿಗೆ: ಆ ಟೇಪನ್ನು ಕತ್ತರಿಸಿದ್ದು ನನ್ನ ಬಟ್ಟೆ ಕತ್ತರಿಯಿಂದ. ಅಪ್ಪನ ಕತ್ತರಿ. ಅದರಿಂದ ಕಾಗದ ಕೂಡ ಕತ್ತರಿಸಬಾರದು ಎನ್ನುವುದು ನಾನು ಹೇಳಿಕೊಡುವ ಮೊಟ್ಟಮೊದಲ ಪಾಠ. ಆ ಪಾಠವನ್ನು ಎಡಿಟ್ ಮಾಡಿದವನು ಇವನೇ! ಅಂಟು ತೆಗೆಯಲು ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಉಜ್ಜಿದೆ. ಬೈದರೆ ಹಲ್ಲು ಕಿರಿದ.

ಮಾರ್ಚ್ 7

ವೇಗ ಎಲ್ಲಿದೆ? ಆಮೆ ಹೋಗಿ ಎಮ್ಮೆ ಬಂದಿದೆ, ಅಷ್ಟೇ. ತಮ್ಮ ವೈರನ್ನು ಬೈದ, ಅಂಗಡಿಯವನನ್ನು ಬೈದ, ಕೊನೆಗೆ ನನ್ನ ಕಂಪ್ಯೂಟರಿಗೆ ವಯಸ್ಸಾಯಿತು ಎಂದ.

ಅವನು ಹೋದ ಮೇಲೆ ಮೇಜಿನ ಕೆಳಗೆ ತೂರಿ ನೋಡಿದೆ. ಮಹಾಶಯ ಅಡಾಪ್ಟರನ್ನು ಸಿಕ್ಕಿಸಿದ್ದು ನನ್ನ ಹಳೇ ಯುಎಸ್‌ಬಿ ಹಬ್‌ಗೆ. ಮೌಸು, ಮೇಜಿನ ಪುಟ್ಟ ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲ ಜೋತುಬಿದ್ದಿರುವ ಜಾಗ. ಬಗ್ಗಲು ಸೋಮಾರಿತನ. ಕಿತ್ತು ಕಂಪ್ಯೂಟರಿನ ಬೆನ್ನಲ್ಲಿರುವ, ವೇಗದ್ದೆನ್ನುವ ನೀಲಿ ಯುಎಸ್‌ಬಿ ತೂತಿಗೆ ನೇರವಾಗಿ ಹಾಕಿದೆ. ಅಡಾಪ್ಟರಿನ ಹಸಿರು ದೀಪ ಪಟಪಟ ಮಿನುಗಿತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಇಡೀ ಪಾಠ ಗೋಡೆಯಾಚೆ!

ತಮ್ಮ ಓಡಿಬಂದ. ಖುಷಿ ನೋಡಬೇಕಿತ್ತು. "ನಿನ್ನಂಥ ಅಕ್ಕ ಯಾರಿಗಿದ್ದಾರೆ" ಅಂದ. ನಾನೂ ಉಬ್ಬಿಹೋದೆ. ಚಹಾ ಬೇರೆ ಮಾಡಿಕೊಟ್ಟೆ.

ಮಾರ್ಚ್ 9

ತಮ್ಮ ತನ್ನ ಲ್ಯಾಪ್‌ಟಾಪಿಗೆ ಏನೋ ಹೇಳಿಕೊಟ್ಟಿದ್ದಾನೆ. ನಾನು ಒಂದು ಫೋಲ್ಡರಿಗೆ ಹಾಕಿದರೆ ಸಾಕು, ಅಲ್ಲಿಗೆ ತಾನಾಗಿ ಹೋಗುತ್ತದೆ. ಕೋಟಿನ ಪಾಠ ಯಾವಾಗ ಎಂದು ಕೇಳಿದ. ಅಪ್ಪ ನನಗೊಬ್ಬಳಿಗೇ ಕಲಿಸಿದ ಕೆಲಸ ಅದು. ಕೊರಳ ಪಟ್ಟಿ ಇನ್ನೂ ಮನಸ್ಸಿಗೆ ಬಂದಂತೆ ಕೂತಿಲ್ಲ, ಆಮೇಲೆ ಎಂದೆ. ಮುಖ ಸಣ್ಣದು ಮಾಡಿಕೊಂಡ. ಇವನಿಗೇಕೆ ಇಷ್ಟು ಅವಸರ?

ಮಾರ್ಚ್ 15, ಮಧ್ಯಾಹ್ನ

ಬಟ್ಟೆಗೆ ಚಾಕ್ ಹಾಕುತ್ತಿದ್ದೆ. ಕಂಪ್ಯೂಟರ್ ಮುಟ್ಟಿಯೇ ಇಲ್ಲ. ಆದರೂ ಹಸಿರು ದೀಪ ಬಡಬಡ ಮಿನುಗುತ್ತಿದೆ. ಅಡಾಪ್ಟರ್ ಮುಟ್ಟಿದರೆ ಬೆರಳು ಚುರುಗುಟ್ಟಿತು. ಕೇಳಿದ್ದಕ್ಕೆ "ಬ್ಯಾಕಪ್ ಅಕ್ಕ, ಹಳೇದೆಲ್ಲ ನಿನ್ನ ಕಂಪ್ಯೂಟರಲ್ಲಿ ಮಾತ್ರ ಇದೆ, ಇನ್ನೊಂದು ಕಡೆ ಇರ್ಲಿ ಅಂತ" ಅಂದ.

ಒಳ್ಳೆಯದೇ. ನಮ್ಮ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ನನಗಿರುವುದು ದುಡ್ಡು ಕಟ್ಟಿದವರಿಗೆ ಕಳಿಸುವ ಈ ಪಾಠಗಳಷ್ಟೇ. ನನ್ನ ಊಟ, ನನ್ನ ಮರ್ಯಾದೆ ಎರಡೂ ಅವೇ.

ಮಾರ್ಚ್ 16

ಇವತ್ತೂ ಮಿನುಗುತ್ತಿದೆ.

ಏಪ್ರಿಲ್ 2

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದಿಡಬೇಕು.

ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ರವಿಕೆ ಹೊಲಿಯಲು ಕಲಿತು ಈಗ ಸ್ವಂತ ಅಂಗಡಿ ಇಟ್ಟಿರುವವಳು. ಹೊಸದೊಂದು ಆ್ಯಪ್‌ನಲ್ಲಿ ಹೊಲಿಗೆ ಪಾಠ ನೋಡಿದಳಂತೆ. "ಟೀಚರ್, ಆ ಹೆಬ್ಬೆರಳ ಹತ್ರ ಇರೋ ಇಸ್ತ್ರಿ ಸುಟ್ಟ ಗುರುತು ನಿಮ್ಮದೇ ಅಲ್ವಾ? ಧ್ವನಿ ಮಾತ್ರ ಬೇರೆ ಯಾರದೋ" ಅಂದಳು.

ನೋಡಿದೆ. ನನ್ನ ಕೈ. ಅಪ್ಪನ ಕತ್ತರಿ. ನಮ್ಮ ಮೇಜಿನ ಮೇಲಿನ ಬಿರುಕು. ಧ್ವನಿ ತಮ್ಮನ ಹೆಂಡತಿಯದು. ಮೊದಲಿಗೆ ಅವಳ ಮುಖ ಬರುತ್ತದೆ, ತುಟಿಗೆ ಬಣ್ಣ, ಕೊರಳಿಗೆ ನನ್ನ ಅಳತೆ ಟೇಪು. "ನಾನು ಚಿಕ್ಕಂದಿನಿಂದ ಹೊಲಿಯುತ್ತಿದ್ದೇನೆ" ಎನ್ನುತ್ತಾಳೆ. ಬಿದ್ದ ಗುಂಡಿ ಹಾಕಿಕೊಡಿ ಎಂದು ಮೊನ್ನೆ ನನ್ನ ಹತ್ತಿರ ಬಂದವಳು!

ಆಮೇಲೆ ನನ್ನ ಕೈ. ಅವಳ ಮುಖಕ್ಕೆ ನನ್ನ ಕೈ ಅಂಟಿಸಿದ್ದಾರೆ. ಛೀ. ನನ್ನ ಬೆರಳುಗಳನ್ನು ಸೋಪು ಹಾಕಿ ತೊಳೆದೆ, ಯಾಕೆಂದು ಗೊತ್ತಿಲ್ಲ.

ಏಪ್ರಿಲ್ 3

ಕೇಳಿದೆ. ಅಳಲಿಲ್ಲ. ತಮ್ಮ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ತಗ್ಗಿಸಿದ್ದು ಮೊಬೈಲ್ ನೋಡಲು.

"ಎಡಿಟ್ ಮಾಡಿದ್ದು ನಾನಲ್ವಾ? ಅರ್ಧ ನಂದೇ" ಅಂದ.

"ಹಾಗಾದ್ರೆ ಅರ್ಧ ಕೈ ತಗೊಂಡು ಹೋಗಬೇಕಿತ್ತು."

"ಕೈ ಮೇಲೇನು ಹೆಸರು ಬರೆದಿರುತ್ತಾ ಅಕ್ಕ?"

ಅವನ ಹೆಂಡತಿ ಅಲ್ಲೇ ಉಗುರಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ನನ್ನ ಧ್ವನಿ ಬೈದ ಹಾಗಿರುತ್ತದಂತೆ, ಜನ ಓಡಿಹೋಗುತ್ತಾರಂತೆ. ತಮ್ಮ ಅದಕ್ಕೂ ತಲೆಯಾಡಿಸಿದ. ಕೋಟಿನ ಪಾಠ ಕೊಟ್ಟರೆ ಕೊನೆಯಲ್ಲಿ ಸಣ್ಣಕ್ಷರದಲ್ಲಿ ನನ್ನ ಹೆಸರೂ ಹಾಕಿಸುತ್ತಾನಂತೆ. ಪಾಠಗಳನ್ನು ಅವನಿಂದ ಕೊಂಡ ಆ್ಯಪ್‌ನವರು ಕಾಯುತ್ತಿದ್ದಾರಂತೆ. ಕೋಟು ಕಲಿಸುವವರು ಬೇರೆ ಯಾರೂ ಸಿಕ್ಕಿಲ್ಲವಂತೆ.

ಈಗ ಎಲ್ಲ ಅರ್ಥವಾಗುತ್ತಿದೆ. ಅಡಾಪ್ಟರ್ ತಂದದ್ದು ನಾನು ಕಾಯಬಾರದೆಂದಲ್ಲ. ವೈಫೈಯಲ್ಲಿ ನನ್ನ ಇಷ್ಟು ವರ್ಷಗಳನ್ನು ಸಾಗಿಸಲು ಇಡೀ ಬೇಸಿಗೆ ಬೇಕಾಗುತ್ತಿತ್ತು. ಹಬ್‌ನಲ್ಲೇ ಬಿಟ್ಟಿದ್ದರೂ ಅರ್ಧ ಉಳಿಯುತ್ತಿತ್ತೇನೋ. ಮೇಜಿನ ಕೆಳಗೆ ತೂರಿ, ಸರಿಯಾದ ತೂತು ಹುಡುಕಿ, ದಾರಿ ಮಾಡಿಕೊಟ್ಟವಳು ನಾನೇ. ಮೇಲೆ ಚಹಾ!

ಅವನನ್ನು ಕಂಡರೆ ಮೈ ಉರಿಯುತ್ತದೆ. ನನ್ನನ್ನು ಕಂಡರೂ.

ಏಪ್ರಿಲ್ 8

ಐದು ದಿನದಿಂದ ಮಾತಿಲ್ಲ. ಇವತ್ತು ಇಡೀ ದಿನ ಕೋಟಿನ ಕೆಲಸ. ಕೊರಳ ಪಟ್ಟಿ ಕೂತಿತು. ಒಂದು ಸುಕ್ಕಿಲ್ಲ. ಅಪ್ಪ ನೋಡಿದ್ದರೆ "ಹೂಂ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅದೇ ಹೊಗಳಿಕೆ.

ಶೂಟಿಂಗ್ ಒಬ್ಬಳೇ ಮಾಡಿದೆ. ಕ್ಯಾಮೆರಾ ಸ್ಟ್ಯಾಂಡನ್ನು ಒಂದು ಗೇಣು ಮೇಲೆತ್ತಿದೆ. ತಲೆ ಬಾಚಿಕೊಂಡೆ.

ಏಪ್ರಿಲ್ 9, ಬೆಳಿಗ್ಗೆ

ತಮ್ಮ ಬಾಗಿಲಲ್ಲೇ ನಿಂತು ಕೋಟು ಆಯಿತಾ ಎಂದು ಕೇಳಿದ. ಫೋಲ್ಡರಿಗೆ ಹಾಕುತ್ತೇನೆ ಎಂದೆ. ಹಲ್ಲು ಕಿರಿದ. "ಸದ್ಯ, ನಿಂಗೂ ಬುದ್ಧಿ ಬಂತಲ್ಲ" ಅಂದ. ಒಳ್ಳೆಯ ಮಾತು.

ಅದೇ ಪಾಠ ಆಗಲೇ ಫೋನ್ ಮಾಡಿದ್ದ ಆ ವಿದ್ಯಾರ್ಥಿನಿಗೆ ಹೋಗಿದೆ. ವೈಫೈಯಲ್ಲೇ, ನಿಧಾನವಾಗಿ, ರಾತ್ರಿಯೆಲ್ಲ. ತನ್ನ ಹತ್ತಿರ ಕಲಿತವರಿಗೆ, ನನ್ನ ಹತ್ತಿರ ಕಲಿತವರಿಗೆ, ಎಲ್ಲರಿಗೂ ಕಳಿಸಿದ್ದಾಳೆ. ಫೋನು ಮೇಜಿನ ಮೇಲೆ ನಡುಗುತ್ತಲೇ ಇದೆ.

ತಮ್ಮನ ಫೋಲ್ಡರಿಗೂ ಹಾಕಿದೆ. ಹಸಿರು ದೀಪ ಮಿನುಗಿತು. ನಿಜಕ್ಕೂ ಒಳ್ಳೆಯ ಅಡಾಪ್ಟರ್, ಹೊಗಳಲೇಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ದೀಪ ನಿಂತ ಮೇಲೆ ಅಪ್ಪನ ಕತ್ತರಿಯಿಂದ ವೈರು ಕತ್ತರಿಸಿದೆ. ಮೊದಲ ಪಾಠ ಮೀರಿದೆ. ಕಚಕ್ ಎಂದಿತು. ಅಲಗಿಗೆ ಕಚ್ಚು ಬಿದ್ದಿದೆ. ಬೀಳಲಿ.

ಗೋಡೆಯಾಚೆಯಿಂದ ನನ್ನ ಧ್ವನಿ. ಬೈದ ಹಾಗೇ ಇದೆ, ಅವಳು ಹೇಳಿದ್ದು ನಿಜ. "ನಮಸ್ಕಾರ. ಇಷ್ಟು ದಿನ ನೀವು ನೋಡಿದ ಕೈ ಇದು. ಅದರ ಮುಖ ಇದು. ಇನ್ನು ನನ್ನ ತಮ್ಮ ಮಾಡಿದ ಕೆಲಸ..."

ಅಲ್ಲಿಗೆ ನಿಂತಿತು. ನಿಲ್ಲಿಸಿದ. ಕುರ್ಚಿ ಎಳೆದ ಸದ್ದು. ಬರುತ್ತಿದ್ದಾನೆ. ಬರಲಿ, ಬೆಳಿಗ್ಗೆಯೇ ಹಾಕಿಟ್ಟ ಕ್ಯಾಮೆರಾ ಓಡುತ್ತಿದೆ, ಸ್ಟ್ಯಾಂಡನ್ನು ಬಾಗಿಲ ಕಡೆಗೆ ತಿರು—